ಚಿಗವ್ವನ ಕೈ ತಲುಪದ ಎರಡನೇ ಹಾಳೆ

"ಇದು ಎರಡು ಹಾಳಿ ರಿಪೋರ್ಟ್ ಐತಿ. ನೀವು ತಂದಿದ್ದು ಒಂದ. ಇನ್ನೊಂದು ಎಲ್ಲೈತ್ರಿ?"

ಸಿಂದಗಿಯ ಒಂದು ಚಿಕ್ಕ ನರ್ಸಿಂಗ್ ಹೋಮಿನ ಲೇಡಿ ಡಾಕ್ಟರು ಫೈಲು ತಿರುವಿ ಹಾಕುತ್ತ ಕೇಳಿದರು. ಹೋದ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಅವರೆದುರು ಮೂರು ಕುರ್ಚಿ. ಒಂದರಲ್ಲಿ ಗೊಳಸಂಗಿಯ ನನ್ನ ಸೋದರಮಾವ ಗುರಪ್ಪ, ಇನ್ನೊಂದರಲ್ಲಿ ನನ್ನ ಚಿಗವ್ವನ ಮಗ ಮಲ್ಲು, ಮೂರನೆಯದರಲ್ಲಿ ನಾನು.

ಮಾಮಾ ಫ್ಯಾನು ನೋಡಿದರು. ಮಲ್ಲು ತನ್ನ ಚಪ್ಪಲಿ ನೋಡಿಕೊಂಡ. ನಾನು ಗೋಡೆಯ ಮೇಲಿದ್ದ ಕಿಡ್ನಿಯ ಚಿತ್ರವನ್ನು ಜೀವಮಾನದಲ್ಲಿ ಮೊದಲ ಸಲ ಕಂಡವಳಂತೆ ನೋಡಿದೆ. (ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತ ಬಂದವಳು ನಾನು.)

"ನಿಮ್ಮೊಳಗ ಪೇಶಂಟ್ ಯಾರು?" ಗೊತ್ತಿದ್ದೂ ಡಾಕ್ಟರು ಕೇಳಿದರು.

"ಆಕಿ ಹೊರಗ ಬೆಂಚಿನ ಮ್ಯಾಲ ಕುಂತಾಳ್ರಿ," ಅಂದರು ಮಾಮಾ.

"ಕೆಮ್ಮು ಯಾರಿಗೈತಿ?"

"ಆಕಿಗೇರಿ."

"ಮತ್ತ ಆಕಿ ಹೊರಗ್ಯಾಕ, ನೀವು ಒಳಗ್ಯಾಕ?"

ಓದುಗರೇ, ಇದಕ್ಕೊಂದು ಮರ್ಯಾದಸ್ಥ ಉತ್ತರ ನಮ್ಮಲ್ಲಿದ್ದಿದ್ದರೆ ನಾನು ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ. ಇರಲಿಲ್ಲ. ಡಾಕ್ಟರು ಹುಡುಕುತ್ತಿದ್ದ ಆ ಎರಡನೇ ಹಾಳೆ ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿತ್ತು. ನನ್ನ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಅದನ್ನು ಫೈಲಿನಿಂದ ತೆಗೆದವಳು ನಾನೇ.

ಆದ್ದರಿಂದ ಈ ವಾರ ನನಗೆ ಸಿಟ್ಟು ಬಂದಿದೆ. ಮೊದಲು ನನ್ನ ಮೇಲೆ, ಆಮೇಲೆ ಉಳಿದವರೆಲ್ಲರ ಮೇಲೆ. ಸ್ವಲ್ಪ ಸಹಿಸಿಕೊಳ್ಳಿ.

ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಹೆಸರು ನೀಲವ್ವ. ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ಇರುತ್ತಾಳೆ, ವಯಸ್ಸು ಅರವತ್ತರ ಹತ್ತಿರ. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ, ಒಲೆ ಹೂಡಿ, ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಜೊತೆ ಮಾಡಿಕೊಂಡು ಕಡಕ್ ರೊಟ್ಟಿ ಬಡಿದು ಸಿಂದಗಿ, ಇಂಡಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಏಳನೇ ಇಯತ್ತೆಯವರೆಗೆ ಓದಿದ್ದಾಳೆ. ಮನೆಗೆ ಪೇಪರ್ ಬಂದರೆ ಗಂಡಸರಿಗಿಂತ ಮೊದಲು ಕನ್ನಡಕ ಹಾಕಿಕೊಳ್ಳುವವಳು ಅವಳೇ. ಈ ಅಂಕಣವನ್ನೂ ಓದುತ್ತಾಳೆ. (ಓದಿ, "ಭಾಳ ಉದ್ದ ಬರೀತಿ ನೀ" ಅನ್ನುತ್ತಾಳೆ.)

ಒಂದೂವರೆ ವರ್ಷದ ಹಿಂದೆ ಅವಳಿಗೆ ಪಕ್ಕೆನೋವು ಶುರುವಾಯಿತು. ನಮ್ಮ ಕಡೆ ಬೋರಿನ ನೀರು ಕುಡಿದವರಿಗೆ ಕಿಡ್ನಿಯಲ್ಲಿ ಹರಳಾಗುವುದು ನೆಗಡಿಯಾದಷ್ಟು ಸಹಜ. ಹರಳೇ ಇರಬೇಕು ಅಂದುಕೊಂಡು ಸ್ಕ್ಯಾನ್ ಮಾಡಿಸಿದೆವು. ಹರಳಲ್ಲ, ಗಡ್ಡೆ. ವಿಜಯಪುರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಲಗಡೆಯ ಕಿಡ್ನಿಯನ್ನೇ ತೆಗೆದರು. ಎಚ್ಚರವಾದ ಮೇಲೆ ಚಿಗವ್ವ "ಏನಾಗಿತ್ತು?" ಅಂದಳು. "ಹರಳು ಬಲತು ಕಿಡ್ನಿ ಕೆಟ್ಟಿತ್ತವಾ, ತಗದ್ರು. ಇನ್ನ ಆರಾಮ," ಅಂದರು ಮಾಮಾ, ಕಣ್ಣು ಪಿಳುಕಿಸದೆ. ಮಾಮಾ ಅವಳ ಸ್ವಂತ ಅಣ್ಣ. ಮನೆಯ ಹಿರಿಯರು. ಹಿರಿಯರು ಹೇಳಿದ ಮೇಲೆ ಮುಗಿಯಿತಲ್ಲ? ನಾವೆಲ್ಲ ಹೂಂಗುಟ್ಟಿದೆವು.

ಮೂರು ವಾರಕ್ಕೆ ಗಡ್ಡೆಯ ರಿಪೋರ್ಟ್ ಬಂತು. ಕೇಳಲು ಒಳಗೆ ಹೋದವರು ನಾವು ಮೂವರು. ಚಿಗವ್ವ ಜೊತೆಗೆ ಬಂದಿದ್ದಳು, ಆದರೆ ಬಾಗಿಲ ಹೊರಗೆ. ಇದು ನಮ್ಮ ಕಡೆಯ ಪದ್ಧತಿ. ಫೈಲು ಹಿಡಿಯುವವನು ಮಗ, ಮಾತಾಡುವವರು ಅಣ್ಣ, ಇಂಗ್ಲಿಷ್ ಓದಲು ಒಬ್ಬ ಕಲಿತವಳು. ಪೇಶಂಟಿನ ಕೆಲಸ ಏನು? ಬೆಂಚಿನ ಮೇಲೆ ಕುಳಿತು ನೀರಿನ ಬಾಟಲಿ ಮತ್ತು ಬಾಳೆಹಣ್ಣಿನ ಚೀಲ ಕಾಯುವುದು. ನೀವು ಯಾವ ಆಸ್ಪತ್ರೆಗಾದರೂ ಹೋಗಿ ನೋಡಿ. ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತಿರುವ ಹೆಣ್ಣುಮಗಳು ಯಾರು ಅಂತ ಕೇಳಿ. ಹತ್ತಕ್ಕೆ ಎಂಟು ಸಲ ರೋಗ ಇರುವುದು ಅವಳಿಗೇ.

ಆಪರೇಶನ್ ಮಾಡಿದ ಡಾಕ್ಟರು ನಮ್ಮ ಕಡೆಯವರೇ, ಸಮಾಧಾನದ ಮನುಷ್ಯ. "ಅಕ್ಕೋರ, ನೀವು ಸಾಲ್ಯಾಗ ಸೈನ್ಸ್ ಹೇಳ್ತೀರಂತ. ನಿಮಗ ಲಗೂ ತಿಳೀತೈತಿ ನೋಡ್ರಿ," ಅಂತ ನನ್ನ ಕಡೆ ತಿರುಗಿ ಶುರು ಮಾಡಿದರು.

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಯಾಕೆಂದರೆ ಮುಂದಿನ ತಪ್ಪೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಗಡ್ಡೆ ಎಷ್ಟು ದೊಡ್ಡದಿತ್ತು, ಎಲ್ಲಿಯವರೆಗೆ ಹಬ್ಬಿತ್ತು ಅನ್ನುವುದು ಮೊದಲನೇ ಹಾಳೆಯಲ್ಲಿತ್ತು. ಕಿಡ್ನಿ ದಾಟಿ ಹೋಗಿರಲಿಲ್ಲ, ಒಳ್ಳೆಯ ಸುದ್ದಿ. ಎರಡನೇ ಹಾಳೆ ಪ್ರೋಟೀನಿನದು. ತೆಗೆದ ಗಡ್ಡೆಯಿಂದ ತೆಳ್ಳನೆಯ ಚೂರು ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಹುಡುಕುತ್ತಿರುವ ಪ್ರೋಟೀನ್ ಇದ್ದರೆ ಬಣ್ಣ ಹಿಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಒಂದು ಪ್ರೋಟೀನ್ ಹೆಚ್ಚು ಕಂಡರೆ ಜೀವಕೋಶಗಳು ಅವಸರದಲ್ಲಿ ಒಡೆದು ಎರಡಾಗುತ್ತಿವೆ ಅಂತ ಅರ್ಥ. ಇನ್ನೊಂದು ಕಾಣದೇ ಹೋದರೆ ಅವುಗಳ ಲಗಾಮು ತಪ್ಪಿದೆ ಅಂತ. ಇಂಥವನ್ನು ಮಾರ್ಕರ್ ಅನ್ನುತ್ತಾರೆ. ಹೆಸರುಗಳು ಗಾಡಿಯ ನಂಬರ್ ಪ್ಲೇಟಿನ ಹಾಗೆ, ಅರ್ಧ ಅಕ್ಷರ ಅರ್ಧ ಅಂಕಿ. ಗಡ್ಡೆ ಹೋಯಿತು, ಆದರೆ ಅದರ ಸ್ವಭಾವ ಎಂಥದಿತ್ತು, ಮರಳಿ ಬರುವಂಥದೋ ಅಲ್ಲವೋ ಅಂತ ಇವು ಸುಳಿವು ಕೊಡುತ್ತವೆ. ಎಲ್ಲ ಕಡೆ ಈ ಪರೀಕ್ಷೆ ಮಾಡುವುದಿಲ್ಲ, ಇದೊಂದನ್ನೇ ನಂಬಿ ಕೂಡುವಂತೆಯೂ ಇಲ್ಲ, ಉಳಿದ ರಿಪೋರ್ಟಿನ ಜೊತೆಗಿಟ್ಟು ಓದಬೇಕು. ಇಷ್ಟು ಹೇಳಿ ಡಾಕ್ಟರು, "ನೀಲವ್ವಾರ ಗಡ್ಡಿ ಸಣ್ಣದಿತ್ತು, ಆದ್ರ ಸ್ವಭಾವ ಚಲೋ ಇಲ್ರಿ," ಅಂದರು.

ಮಾಮಾ ಕುರ್ಚಿಯ ತುದಿಗೆ ಬಂದರು. "ಸಾಹೇಬ್ರ, ಎಷ್ಟ ದಿವಸ ಅನ್ನೂದು ಹೇಳಿಬಿಡ್ರಿ."

"ಯಜಮಾನ್ರ, ಇದು ಜಾತಕ ಅಲ್ರಿ," ಅಂದರು ಡಾಕ್ಟರು. "ಇಂಥಾ ಮಾರ್ಕರ್ ಇದ್ದವರೊಳಗ ಕೆಲವರಿಗೆ ತಿರುಗಿ ಬರತೈತಿ, ಕೆಲವರಿಗೆ ಬರೂದ ಇಲ್ಲ. ನಿಮ್ಮ ತಂಗಿ ಯಾವ ಕಡೆ ಅಂತ ಈ ಹಾಳಿ ಹೇಳೂದಿಲ್ಲ. ನಾವು ಎಷ್ಟು ಹುಷಾರ್ ಇರಬೇಕು ಅಂತ ಹೇಳತೈತಿ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಸ್ರಿ. ಬಂದ್ರ ಸಣ್ಣದಿದ್ದಾಗ ಹಿಡಿಯೋಣು."

ಎಷ್ಟು ಸರಳ ಮಾತು! ಎಂಟನೇ ಇಯತ್ತೆಯ ನನ್ನ ಮಕ್ಕಳಿಗೂ ತಿಳಿಯುತ್ತಿತ್ತು. ನಮಗೆ ತಿಳಿಯಲಿಲ್ಲ. ನಾವು ಕೇಳಿಸಿಕೊಂಡದ್ದು "ಸ್ವಭಾವ ಚಲೋ ಇಲ್ಲ" ಅನ್ನುವಷ್ಟನ್ನೇ.

ಹೊರಡುವ ಮೊದಲು ಡಾಕ್ಟರು ಒಂದು ಕೆಲಸ ಮಾಡಿದರು. ಎರಡನೇ ಹಾಳೆಯ ಕೆಳಗೆ ಖಾಲಿ ಜಾಗವಿತ್ತು. ಪೆನ್ನು ತೆಗೆದು ಅಲ್ಲಿ ಕನ್ನಡದಲ್ಲಿ ಐದಾರು ಸಾಲು ಬರೆದರು. ದುಂಡಗೆ, ಬಿಡಿಸಿ ಬಿಡಿಸಿ. "ಅವರು ಓದ್ತಾರಲ್ರಿ? ಇದನ್ನ ನೀಲವ್ವಾರ ಕೈಯಾಗ ಕೊಡ್ರಿ," ಅಂದರು.

ಒಳ್ಳೆಯ ಮನುಷ್ಯ ಅಂತ ಆಗಲೇ ಹೇಳಿದೆ. ಆದರೂ ಅವರ ಮೇಲೂ ನನಗೆ ಸಿಟ್ಟಿದೆ. ಅವರ ಕುರ್ಚಿಯಿಂದ ಚಿಗವ್ವನ ಬೆಂಚಿಗೆ ಎಷ್ಟು ದೂರ? ಆರು ಹೆಜ್ಜೆ. ಅವಳ ಹೊಟ್ಟೆ ಕೊಯ್ದು ಕಿಡ್ನಿ ತೆಗೆದವರಿಗೆ ಆರು ಹೆಜ್ಜೆ ನಡೆದು ಅವಳ ಮುಖ ನೋಡಿ ನಾಲ್ಕು ಮಾತು ಹೇಳಲು ಆಗುತ್ತಿರಲಿಲ್ಲವೇ? ನಮ್ಮ ಕೈಗೆ ಯಾಕೆ ಕೊಟ್ಟರು?

ಆಸ್ಪತ್ರೆಯ ಎದುರಿಗೆ ಒಂದು ಚಹಾದಂಗಡಿ ಇದೆ. ಚಿಗವ್ವನನ್ನು ಗಾಡಿಯಲ್ಲಿ ಕೂಡಿಸಿ, "ಚಹಾ ಕುಡುದು ಬರ್ತೇವಿ" ಅಂತ ಹೇಳಿ ಮೂವರೂ ಅಲ್ಲಿಗೆ ಹೋದೆವು. ಮಾಮಾ ಕಪ್ಪನ್ನು ಮುಟ್ಟಲಿಲ್ಲ.

"ಶಾಂತಾ, ಆ ಹಾಳಿ ತಗದಬಿಡು."

"ಮಾಮಾ, ಡಾಕ್ಟರು ಆಕಿಗೆ ಕೊಡ್ರಿ ಅಂದಾರಲ್ರಿ."

"ಡಾಕ್ಟರಿಗೇನ ಗೊತ್ತು ನಮ್ಮ ಮನಿ ಹೆಣಮಗಳ ಎದಿ ಎಷ್ಟೈತಿ ಅನ್ನೂದು? ಓದಿದ್ಲಂದ್ರ ಇವತ್ತ ಹಾಸಿಗಿ ಹಿಡೀತಾಳ."

"ಮತ್ತ ಈ ಮೊದಲನೇ ಹಾಳಿ?" ಅಂತ ಮಲ್ಲು ಕೇಳಿದ.

"ಅದು ಇಂಗ್ಲಿಷ್ ಐತಿ, ಇರಲಿ ಬಿಡು. ಅದನ್ನ ಓದಿ ಆಕಿಗೇನ ತಿಳೀತೈತಿ?"

ನಾನು ಉಗುರಿನಿಂದ ಪಿನ್ನು ಬಿಚ್ಚಿದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ.

ಈಗ ನೋಡಿ ಮಜಾ. ಡಾಕ್ಟರುಗಳು ಕನ್ನಡದಲ್ಲಿ ಬರೆಯುವುದಿಲ್ಲ, ಬಡವರಿಗೆ ತಮ್ಮ ರೋಗವೇ ತಿಳಿಯುವುದಿಲ್ಲ ಅಂತ ಇದೇ ಅಂಕಣದಲ್ಲಿ ಎರಡು ಸಲ ಕೂಗಾಡಿದವಳು ನಾನು. ನೀವು ಪತ್ರ ಬರೆದು ಶಹಬ್ಬಾಸ್ ಅಂದಿದ್ದಿರಿ. ಕೊನೆಗೆ ಒಬ್ಬರು ಕನ್ನಡದಲ್ಲಿ ಬರೆದರು. ಅವಳಿಗೆ ತಿಳಿಯದ ಇಂಗ್ಲಿಷ್ ಹಾಳೆಯನ್ನು ಬಿಟ್ಟು, ತಿಳಿಯುವ ಆ ಒಂದೇ ಹಾಳೆಯನ್ನು ಕಿತ್ತವಳು ಯಾರು? ನಾನು!

ಮೂರು ತಿಂಗಳಾಯಿತು. ಸ್ಕ್ಯಾನಿಗೆ ಹೋಗಬೇಕು. ಆದರೆ ಹೋಗಬೇಕಾದದ್ದು ಅದೇ ಆಸ್ಪತ್ರೆಯ ಪಕ್ಕದ ಕಟ್ಟಡಕ್ಕೆ. ಅದರ ಹಣೆಯ ಮೇಲೆ ಆಳೆತ್ತರದ ಕನ್ನಡ ಅಕ್ಷರಗಳಲ್ಲಿ 'ಕ್ಯಾನ್ಸರ್ ವಿಭಾಗ' ಅಂತ ಬೋರ್ಡು. ಮಲ್ಲು ನನಗೆ ಫೋನ್ ಮಾಡಿದ. "ಅಕ್ಕಾ, ಹಾಳಿ ಮುಚ್ಚಿದಿವಿ. ಬೋರ್ಡ್ ಹ್ಯಾಂಗ ಮುಚ್ಚೂದು?"

ನಾನು ಏನು ಹೇಳಬೇಕಿತ್ತು? "ಹೇಳಿಬಿಡು" ಅನ್ನಬೇಕಿತ್ತು. "ನೋಡೋಣು ತಡಿ" ಅಂದೆ. ಅಷ್ಟರಲ್ಲಿ ಕಾರಹುಣ್ಣಿಮೆ ಬಂತು. ಆಮೇಲೆ ಮಲ್ಲುವಿನ ಮಗಳ ಕಾಲೇಜು ಅಡ್ಮಿಷನ್. ಆಮೇಲೆ ಸೀಗಿ ಹುಣ್ಣಿಮೆ. ಪ್ರತಿ ಸಲವೂ ಕೊನೆಯ ಮಾತು ಒಂದೇ: "ಆರಾಮ ಅದಾಳಲ್ಲ, ಯಾಕ ಸುಮ್ನ?" ಐದು ಸಲ ಆಗಬೇಕಿದ್ದ ಸ್ಕ್ಯಾನ್ ಒಂದು ಸಲವೂ ಆಗಲಿಲ್ಲ.

ನಿಜ ಹೇಳಲೇ? ಬೋರ್ಡು ಬರೀ ನೆಪ. ಡಾಕ್ಟರು ಹುಷಾರಾಗಿರಿ ಅಂತ ಹೇಳಿದ್ದನ್ನು ನಾವು ತೀರ್ಪು ಅಂತ ತಿಳಿದುಕೊಂಡಿದ್ದೆವು. ಇನ್ನು ಇವಳು ಹೋಗುವವಳು ಅಂತ ಮನಸ್ಸಿನಲ್ಲಿ ಬರೆದುಕೊಂಡಾಗಿತ್ತು. ಹೋಗುವವಳಿಗೆ ಸ್ಕ್ಯಾನ್ ಯಾಕೆ ಅಂತ ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಅಷ್ಟೇ.

ಸುದ್ದಿ ಮಾತ್ರ ಚಿಗವ್ವ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಮುಟ್ಟಿತು. ಮಾಮಾ ಮಾಮಿಗೆ ಹೇಳಿದರು. ಮಾಮಿ ಇಂಡಿಯ ತನ್ನ ತವರಿಗೆ ಹೇಳಿದಳು. ಯಂಕಂಚಿಯ ಬೀಗರಿಗೆ ಯಾರು ಹೇಳಿದರೋ, ಅವರಿಗೂ ಗೊತ್ತಿತ್ತು. ಶುರುವಾಯಿತು ನೋಡಿ, ಮಾತಾಡಿಸಲು ಬರುವವರ ಸಾಲು! ಬ್ರೆಡ್ಡು, ಬಿಸ್ಕೀಟು, ಮೋಸಂಬಿ. ಬಂದವರೆಲ್ಲ ಚಿಗವ್ವನ ಎದುರು ಹಲ್ಲು ಕಿರಿದು ನಗುವುದು, ಹಿತ್ತಲಿಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ಬಾಗಿಲಲ್ಲಿ ಮಲ್ಲುವಿನ ಕಿವಿಯಲ್ಲಿ "ಎಷ್ಟ ದಿವಸ ಅಂದಾರ?" ಅಂತ ಕೇಳುವುದು. ಒಬ್ಬರಾದರೂ "ಮುಂದಿನ ಚೆಕಪ್ ಯಾವಾಗ?" ಅಂತ ಕೇಳಿದರೇ? ಒಬ್ಬರೂ ಇಲ್ಲ. ಯಂಕಂಚಿಯ ಬೀಗರು ಇಳಕಲ್ ಸೀರೆ ತಂದು ಉಡಿಸಿದರು, ಅವಳ ಆಸೆ ಯಾಕೆ ಉಳಿಯಬೇಕು ಅಂತ.

ಇನ್ನು ಬೇಳೆಯ ಕತೆ. ರಿಪೋರ್ಟಿನಲ್ಲಿ ಪ್ರೋಟೀನ್ ಹೆಚ್ಚಿದೆ ಅನ್ನುವುದು ಮಾಮಾನ ತಲೆಯಲ್ಲಿ ಕೂತುಬಿಟ್ಟಿತ್ತು. ಕನ್ನೊಳ್ಳಿಗೆ ಬಂದವರೇ ಅಪ್ಪಣೆ ಕೊಡಿಸಿದರು: "ಬ್ಯಾಳಿ, ಕಾಳು ಎಲ್ಲಾ ಬಂದ್!" ಗಡ್ಡೆಯ ಪ್ರೋಟೀನಿಗೂ ಊಟದ ತೊಗರಿಬೇಳೆಗೂ ಸಂಬಂಧ ಇಲ್ಲ ಅಂತ ನಾನು ಫೋನಿನಲ್ಲಿ ಅರ್ಧ ಗಂಟೆ ಪಾಠ ಮಾಡಿದೆ. "ಇರಬಹುದವಾ, ಆದ್ರೂ ಯಾಕ ರಿಸ್ಕ್?" ಅಂದರು. ಜೀವಮಾನವಿಡೀ ಮಡಿಕೆಕಾಳು ಪಲ್ಯ ಇಲ್ಲದೆ ರೊಟ್ಟಿ ಮುರಿಯದಿದ್ದ ಚಿಗವ್ವ ತಿಂಗಳುಗಟ್ಟಲೆ ಬರೀ ಚಟ್ನಿಪುಡಿ, ಮೊಸರಿನಲ್ಲಿ ಉಂಡಳು. ರಿಸ್ಕ್ ಬೇಡ ಅಂದ ಮನುಷ್ಯ ಸ್ಕ್ಯಾನ್ ಮಾತ್ರ ಬಿಡಿಸಿದ್ದರು!

ರೊಟ್ಟಿ ಒಲೆಯನ್ನೂ ಆರಿಸಿದರು. ಹೊಗೆ ಆಗಿಬರುವುದಿಲ್ಲ, ದಣಿವು ಆಗಿಬರುವುದಿಲ್ಲ, ಕುಳಿತು ಉಣ್ಣಲಿ ಪಾಪ ಅಂತ. ಕೈಗೆ ಹಿಟ್ಟು ಹತ್ತದ ದಿನವನ್ನೇ ಕಾಣದವಳು ಪಡಸಾಲೆಯ ಕಂಬಕ್ಕೆ ಒರಗಿ ಹಾದಿ ನೋಡುತ್ತ ಕೂತಳು. "ಹರಳ ತಗದವರಿಗೆ ಇಷ್ಟ ದಿವಸ ವಿಶ್ರಾಂತಿ ಬೇಕಾ ಶಾಂತವ್ವಾ?" ಅಂತ ಒಮ್ಮೆ ಕೇಳಿದ್ದಳು. ನಾನು "ಹೌದು ಚಿಗವ್ವಾ" ಅಂದೆ. ಎಷ್ಟು ಸಲೀಸಾಗಿ ಅಂದೆ!

ಹದಿನೈದು ದಿನದ ಹಿಂದೆ ಮಲ್ಲುವಿನ ಹೆಂಡತಿ ತನ್ನ ಅತ್ತೆ ಕೆಮ್ಮುವುದನ್ನು ಕೇಳಿಸಿಕೊಂಡಳು. ಸಿಂದಗಿಗೆ ಕರೆದುಕೊಂಡು ಹೋದರು. ಲೇಡಿ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶದಲ್ಲಿ ಎರಡು ಮೂರು ಕಡೆ ಬಿಳಿಯ ಕಲೆ. ಹಳೆಯ ಫೈಲು ತನ್ನಿ ಅಂದರು. ಹೀಗೆ ನಾವು ಆ ಮಂಗಳವಾರ ಆ ಮೂರು ಕುರ್ಚಿಗಳಿಗೆ ಬಂದು ಕೂತಿದ್ದೆವು.

"ಹಾಳಿ ನನ್ನ ಮನ್ಯಾಗೈತ್ರಿ," ಅಂದೆ ಕೊನೆಗೆ. ಇನ್ನೆಷ್ಟು ಹೊತ್ತು ಕಿಡ್ನಿಯ ಚಿತ್ರ ನೋಡಲಿ? ಬಾಗೇವಾಡಿಗೆ, ನಮ್ಮ ಯಜಮಾನರಿಗೆ ಫೋನ್ ಹಚ್ಚಿದೆ. ಸೀರೆಗಳ ಕೆಳಗಿನ ಹಾಳೆ ಹುಡುಕಿ ಫೋಟೋ ತೆಗೆದು ಕಳಿಸಲು ಅವರಿಗೆ ಕಾಲು ಗಂಟೆ ಬೇಕಾಯಿತು.

ಡಾಕ್ಟರು ಫೋಟೋವನ್ನು ಹಿಗ್ಗಿಸಿ ಓದಿದರು. ಎರಡು ಸಲ ಓದಿದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಎದ್ದು ಬಾಗಿಲು ತೆಗೆದು, "ನೀಲವ್ವಾರ, ಒಳಗ ಬರ್ರಿ," ಅಂದರು.

ಮಾಮಾ ಎದ್ದು ಅಡ್ಡ ನಿಂತರು. "ಡಾಕ್ಟರ್ ಬಾಯಾರ, ಆಕಿಗೆ ಹೇಳಬ್ಯಾಡ್ರಿ. ಕೈ ಮುಗೀತೇನಿ. ತಡಕೊಳ್ಳೂದಿಲ್ಲ ಆಕಿ."

"ಇದು ಆಕಿ ಕಾಗದರಿ. ನನಗ ಮುಚ್ಚಿಡಾಕ ಬರೂದಿಲ್ಲ," ಅಂದರು ಡಾಕ್ಟರು. ನನ್ನ ಫೋನನ್ನು ಚಿಗವ್ವನ ಕೈಗೆ ಕೊಟ್ಟರು.

ಚಿಗವ್ವ ಕನ್ನಡಕ ಹಾಕಿಕೊಂಡಳು. ಪೇಪರ್ ಓದುವಾಗಿನ ಅಭ್ಯಾಸದಂತೆ ಜೋರಾಗಿಯೇ ಓದಿದಳು.

"ನೀಲವ್ವನವರಿಗೆ. ನಿಮ್ಮ ಕಿಡ್ನಿಯಲ್ಲಿ ಇದ್ದದ್ದು ಕ್ಯಾನ್ಸರ್ ಗಡ್ಡೆ. ಅದನ್ನು ಪೂರ್ತಿ ತೆಗೆದಿದ್ದೇವೆ. ಗಡ್ಡೆಯ ಪ್ರೋಟೀನ್ ಪರೀಕ್ಷೆ ನೋಡಿದರೆ ಅದು ಮರಳಿ ಬರುವ ಸಂಭವ ಸ್ವಲ್ಪ ಹೆಚ್ಚು. ಹೆದರಬೇಡಿ, ಆದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ತಪ್ಪದೆ ಬನ್ನಿ. ನಡುವೆ ಕೆಮ್ಮು ಬಂದರೆ, ಎಲುಬು ನೋವು ಬಂದರೆ, ಒಂದು ದಿನವೂ ಕಾಯಬೇಡಿ."

ಓದಿ ಮುಗಿಸಿದಳು. ಹಾಸಿಗೆ ಹಿಡಿಯಲಿಲ್ಲ. ಎದೆ ಒಡೆದುಕೊಳ್ಳಲಿಲ್ಲ. ಕನ್ನಡಕ ತೆಗೆದು ಡಾಕ್ಟರ ಮುಖ ನೋಡಿದಳು.

"ಕೆಮ್ಮ ಬಂದು ಮೂರ್ ತಿಂಗಳ ಮ್ಯಾಲಾತ್ರಿ ಬಾಯಾರ."

"ಯವ್ವಾ!" ಅಂದ ಮಲ್ಲು. "ನಮಗ ಹದಿನೈದ ದಿವಸದಿಂದ ಅಷ್ಟ ಗೊತ್ತು. ಯಾಕ ಹೇಳಲಿಲ್ಲ ನೀ?"

"ಹ್ಯಾಂಗ ಹೇಳ್ಲೋ? ಹರಳ ತಗಸ್ಕೊಂಡಾಕಿಗೆ ಯಾರರ ಇಳಕಲ್ ಸೀರಿ ತರ್ತಾರೇನು? ನನಗೇನೋ ಆಗೈತಿ ಅನ್ನೂದು ಆವತ್ತ ಗೊತ್ತಾತು. ಏನ ಆಗೈತಿ ಅನ್ನೂದ ಗೊತ್ತಾಗಲಿಲ್ಲ. ನೀವೆಲ್ಲಾರೂ ನನ್ನ ಮುಂದ ಅಷ್ಟ ಕಷ್ಟಪಟ್ಟ ನಗತಿದ್ರಿ. ನಾ ಕೆಮ್ಮಿದ್ರ ನಿಮ್ಮ ಮಾರಿ ಬಾಡತಿತ್ತು. ಅದಕ್ಕ ಕೆಮ್ಮ ಬಂದಾಗೊಮ್ಮೆ ದನದ ಕೊಟಗಿಗೆ ಹೋಗಿ ಕೆಮ್ಮಿ ಬರತಿದ್ದೆ."

ಮಾಮಾ ಗೋಡೆಯ ಕಡೆ ತಿರುಗಿ ನಿಂತರು. ಎಪ್ಪತ್ತು ವರ್ಷದ ಮನುಷ್ಯನ ಹೆಗಲು ಅಲುಗುತ್ತಿತ್ತು. ನನಗೆ ಕನಿಕರ ಬರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ.

ಲೆಕ್ಕ ಹಾಕಿ ನೋಡಿ. ನಾವು ಅವಳಿಂದ ರೋಗ ಮುಚ್ಚಿಟ್ಟೆವು. ಅವಳು ನಮ್ಮಿಂದ ಕೆಮ್ಮು ಮುಚ್ಚಿಟ್ಟಳು. ಇಬ್ಬರ ನಡುವೆ ಆ ಕಲೆಗಳು ಯಾರ ಅಡ್ಡಿಯೂ ಇಲ್ಲದೆ ಬೆಳೆದವು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಅಂತ ನಾನು ಡಾಕ್ಟರನ್ನು ಕೇಳಿದೆ. "ಖಾತ್ರಿ ಯಾರೂ ಹೇಳಾಕ ಬರೂದಿಲ್ರಿ," ಅಂದರು. "ಆದ್ರ ಒಂದ ಇದ್ದಾಗ, ಸಣ್ಣದಿದ್ದಾಗ, ನಮ್ಮ ಕೈಯಾಗ ದಾರಿ ಹೆಚ್ಚ ಇರತಾವು. ಈಗೂ ಔಷಧ ಅದಾವು. ನಡೀರಿ, ತಡ ಮಾಡಬ್ಯಾಡ್ರಿ." ಇಷ್ಟೇ ಅವರು ಹೇಳಿದ್ದು. ಆ ಹೆಚ್ಚಿನ ದಾರಿಗಳು ನನ್ನ ರೇಷ್ಮೆ ಸೀರೆಗಳ ಕೆಳಗೆ ಒಂದೂವರೆ ವರ್ಷ ಮಡಿಕೆಯಾಗಿ ಬಿದ್ದಿದ್ದವು. ಇದನ್ನು ಬರೆಯುವಾಗ ನನ್ನ ಕೈ ನನಗೇ ಅಸಹ್ಯವಾಗುತ್ತದೆ.

ನಿಮ್ಮಲ್ಲಿ ಕೆಲವರು ಈಗ ತಲೆ ಅಲ್ಲಾಡಿಸುತ್ತಿರುತ್ತೀರಿ, ಗೊತ್ತು. 'ಅಕ್ಕೋರೆ, ಎಲ್ಲರೂ ನಿಮ್ಮ ಚಿಗವ್ವನ ಹಾಗೆ ಗಟ್ಟಿ ಇರುವುದಿಲ್ಲ' ಅನ್ನುತ್ತೀರಿ. ಮುದ್ದೇಬಿಹಾಳದ ನನ್ನ ಗೆಳತಿಯೊಬ್ಬಳು, ಅವಳೂ ಟೀಚರ್, ಮೊನ್ನೆ ಫೋನಿನಲ್ಲಿ ಇದನ್ನೇ ಅಂದಳು. ಅವಳ ಮಾವನಿಗೂ ಅವರ ರೋಗ ಏನು ಅಂತ ಹೇಳಿಲ್ಲವಂತೆ. "ನಾವು ಇನ್ನೂ ತನಕ ಗೊತ್ತಾಗಾಕ ಬಿಟ್ಟಿಲ್ಲವಾ," ಅಂದಳು. ದನಿಯಲ್ಲಿ ಹೆಮ್ಮೆ ಇತ್ತು! ಏನು ಸಾಧಿಸಿದ್ದೀರಿ ಅಂತ ಹೆಮ್ಮೆ? ಒಬ್ಬ ಮನುಷ್ಯನ ಮೈಯೊಳಗಿನ ಸುದ್ದಿಯನ್ನು ಬೀಗರಿಗೆ ಹೇಳಿ, ಓಣಿಗೆ ಹೇಳಿ, ಅವನೊಬ್ಬನಿಗೆ ಹೇಳದೆ ಉಳಿದದ್ದಕ್ಕೇ?

ಗಟ್ಟಿ ಇಲ್ಲ ಅಂತ ಯಾರು ಅಳೆದರು? ಚಿಗವ್ವ ಗಂಡನನ್ನು ಮಣ್ಣು ಮಾಡಿ ಬಂದ ತಿಂಗಳೊಳಗೆ ಒಲೆ ಹೂಡಿದವಳು. ಮಲ್ಲುವಿಗೆ ಹಾವು ಕಚ್ಚಿದಾಗ ಹೆಗಲ ಮೇಲೆ ಹೊತ್ತು ಟಾರ್ ರೋಡಿನ ತನಕ ಓಡಿದವಳು. ಅವಳ ಎದೆ ಎಷ್ಟಿದೆ ಅಂತ ಮಾಮಾನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ಆಸ್ಪತ್ರೆಯ ಬಾಗಿಲು ಕಂಡ ಕೂಡಲೇ ಇಂಥ ಹೆಂಗಸು ನಮ್ಮ ಕಣ್ಣಿಗೆ ಹಾಲು ಕುಡಿಯುವ ಕೂಸಾಗಿಬಿಟ್ಟಳು. ಇದು ಎಂಥ ಕುರುಡು, ಸ್ವಾಮಿ?

ಗುರುವಾರ ಅವಳು ವಿಜಯಪುರದ ಆ ಕಟ್ಟಡಕ್ಕೆ ಹೋದಳು. ಬೋರ್ಡನ್ನು ಓದಿ ಮೆಟ್ಟಿಲು ಹತ್ತಿದಳು. ಸ್ಕ್ಯಾನ್ ಆಯಿತು, ಮಾತ್ರೆ ಶುರುವಾಗಿದೆ, ಇಂಜೆಕ್ಷನ್ ಬೇಕೋ ಬೇಡವೋ ಇನ್ನೂ ನೋಡಬೇಕು. ಮುಂದೇನು ಅಂತ ನನಗೆ ಗೊತ್ತಿಲ್ಲ, ಯಾವ ಮಾರ್ಕರಿಗೂ ಪೂರ್ತಿ ಗೊತ್ತಿರುವುದಿಲ್ಲ. ಮನೆಗೆ ಬಂದವಳೇ ಎರಡು ಕೆಲಸ ಮಾಡಿದಳಂತೆ. ಕುಕ್ಕರಿನಲ್ಲಿ ಬೇಳೆ ಬೇಯಲು ಇಟ್ಟಳು. ಓಣಿಯ ಹೆಣ್ಣುಮಕ್ಕಳನ್ನು ಕರೆಸಿ, "ನನಗ ಬಡಿಯಾಕ ಆಗೂದಿಲ್ಲ, ನೀವು ಬಡೀರಿ, ನಾ ಕುಂತು ನೋಡ್ತೇನಿ," ಅಂದಳು. ಮಾತಾಡಿಸಲು ಬಂದವರಿಗೆ ಈಗ ಅವಳೇ ಹೇಳುತ್ತಾಳೆ, "ನನಗ ಕ್ಯಾನ್ಸರ್ ಐತಿ" ಅಂತ. ಬಂದವರು ಬ್ರೆಡ್ಡಿನ ಚೀಲ ಎಲ್ಲಿಡಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಾರಂತೆ.

ನಿನ್ನೆ ನಾನು ಫೋನ್ ಮಾಡಿದೆ. ಕ್ಷಮೆ ಕೇಳಬೇಕಿತ್ತು, ಬಾಯಿ ಬರಲಿಲ್ಲ. ಅದರ ಬದಲಿಗೆ, "ಚಿಗವ್ವಾ, ಇದನ್ನ ಪೇಪರಿಗೆ ಬರೀಲೇನು?" ಅಂದೆ.

"ಬರಿ. ನನ್ನ ಹೆಸರ ಹಾಕಿ ಬರಿ. ಪೇಪರ ಓದಿದವರು ಯಾರರ ಸ್ಕ್ಯಾನಿಗೆ ಹೋದ್ರ ಹೋಗ್ಲಿ."

"ನಿನ್ನ ಮ್ಯಾಲಿನ ಪ್ರೀತಿ-ಮಾಯಾಕ ಮುಚ್ಚಿಟ್ಟಿವಿ ಅಂತ..."

"ಹಾಂಗ ಬರೀಬ್ಯಾಡ," ಅಂತ ನಡುವೆಯೇ ತಡೆದಳು. ಸ್ವಲ್ಪ ಹೊತ್ತು ಕೆಮ್ಮಿದಳು. ಈ ಸಲ ಫೋನಿನಲ್ಲೇ ಕೆಮ್ಮಿದಳು, ಮುಚ್ಚಿಡದೆ. "ಮಾಯಾ ನನಗ ಗೊತ್ತೈತಿ ಶಾಂತವ್ವಾ, ಅದು ಬ್ಯಾರೆ. ನನ್ನ ಮಾರಿ ನೋಡಿಕೊಂತ ಆ ಮಾತ ಹೇಳಾಕ ನಿಮಗ ಅಂಜಿಕಿ ಆತು. ಅಂಜಿಕಿ ಅಂತ ಬರಿ."

ಬರೆದಿದ್ದೇನೆ. ಅಂಜಿದವರು ನಾವು ಮೂವರು. ಐದು ಸ್ಕ್ಯಾನ್ ತಪ್ಪಿದ್ದು ಯಾರಿಗೆ?